ಹಿತ್ತಲಿನಲ್ಲಿ ನಾಟಿ ಟೊಮೆಟೊ: ತಳಿಯ ಆಯ್ಕೆ, ಬೆಳೆಸುವ ಕ್ರಮ ಮತ್ತು ಬೀಜ ಸಂಗ್ರಹ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ರಾಗಿಯೇ ಪ್ರಧಾನ ಆಹಾರ. ಮುದ್ದೆ, ಅದರ ಜೊತೆಗೆ ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ಕಾಲಕ್ಕೆ ತಕ್ಕಂತೆ ಅವರೆಕಾಳು, ಇದು ನಮ್ಮ ಜನರ ಊಟ. ಇದನ್ನು ಬಡ ಊಟವೆಂದು ಯಾರೂ ತಿಳಿಯಬೇಕಾಗಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಕಬ್ಬಿಣದ ಅಂಶವೂ ಉಂಟು. ಸೊಪ್ಪು ಮತ್ತು ಕಾಳುಗಳಲ್ಲಿಯೂ ಕಬ್ಬಿಣವಿದೆ. ಹೀಗಿದ್ದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆಂದು ಬರುವ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಅನೇಕರಲ್ಲಿ ರಕ್ತಹೀನತೆ ಕಂಡುಬರುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆ ಇತ್ತು. ತಟ್ಟೆಯಲ್ಲಿರುವ ಕಬ್ಬಿಣ ರಕ್ತಕ್ಕೆ ಸೇರದೆ ಹೋಗುವುದಕ್ಕೆ ಕಾರಣವೇನು?

ಧಾನ್ಯ ಮತ್ತು ಕಾಳುಗಳಲ್ಲಿ ಫೈಟೇಟ್ ಎಂಬ ವಸ್ತುವಿದೆ. ರಾಗಿಯ ಹೊಟ್ಟಿನಲ್ಲಿ ಒಗರು ಪದಾರ್ಥವೂ ಇದೆ. ಇವು ಕಬ್ಬಿಣವನ್ನು ಕರುಳಿನಲ್ಲಿಯೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಊಟವಾದ ಕೂಡಲೇ ಕುಡಿಯುವ ಕಾಫಿ ಮತ್ತು ಚಹಾ ಕೂಡ ಇದೇ ಕೆಲಸವನ್ನು ಮಾಡುತ್ತವೆ. ಆದರೆ ಅದೇ ಊಟದಲ್ಲಿ ಸಿ ಜೀವಸತ್ವವಿರುವ ಪದಾರ್ಥವೊಂದಿದ್ದರೆ ಈ ಹಿಡಿತ ಸಡಿಲವಾಗಿ ಹೆಚ್ಚು ಕಬ್ಬಿಣ ಮೈಗೆ ಹತ್ತುತ್ತದೆ. ಬೆಟ್ಟದ ನೆಲ್ಲಿಕಾಯಿಯಲ್ಲಿ ಈ ಜೀವಸತ್ವ ಅತ್ಯಧಿಕ, ಸೀಬೆಹಣ್ಣಿನಲ್ಲಿಯೂ ಬಹಳ. ಅವುಗಳ ಮುಂದೆ ಟೊಮೆಟೊ ಚಿಕ್ಕದೇ ಸರಿ: ೧೦೦ ಗ್ರಾಂ ಹಣ್ಣಿನಲ್ಲಿ ಸುಮಾರು ೨೭ ಮಿಲಿಗ್ರಾಂ. ಗರ್ಭಿಣಿಗೆ ದಿನವೊಂದಕ್ಕೆ ೮೦ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಶಿಫಾರಸು ಮಾಡಿದೆ. ಆದರೂ ನೆಲ್ಲಿಕಾಯಿಯನ್ನು ಯಾರೂ ದಿನದ ಎರಡು ಹೊತ್ತೂ ತಿನ್ನಲಾರರು. ಟೊಮೆಟೊ ನಮ್ಮ ಅಡುಗೆಮನೆಯಲ್ಲಿ ದಿನವೂ ಇರುವ ಪದಾರ್ಥ. ಸಾರಿಗೆ ಹಾಕುವ ಹುಣಸೆಹಣ್ಣಿನಲ್ಲಿ ಹುಳಿಯಿದ್ದರೂ ಸಿ ಜೀವಸತ್ವ ಅತ್ಯಲ್ಪ ಎಂಬುದನ್ನು ಗೃಹಿಣಿಯರು ಗಮನಿಸಬೇಕು.

ದಿನವೂ ಇರುವ ಪದಾರ್ಥವೆಂದೆನಾದರೂ ಅದು ಸಂತೆಯ ಬೆಲೆಯನ್ನು ಅವಲಂಬಿಸಿದ ಮಾತು. ೨೦೨೩ರ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿಗೂ ಮೀರಿ ಬೆಲೆಯೇರಿದಾಗ ಎಷ್ಟೋ ಮನೆಗಳಲ್ಲಿ ಟೊಮೆಟೊ ತರುವುದನ್ನೇ ನಿಲ್ಲಿಸಿದ್ದರು. ಬೇರೆ ಕೆಲವು ವರ್ಷಗಳಲ್ಲಿ ಬೆಲೆ ಕುಸಿದು ಬೆಳೆಗಾರರು ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಸಂತೆಯ ಈ ಏರಿಳಿತ ಗರ್ಭಿಣಿಯ ತಟ್ಟೆಗೆ ತಾಗಬಾರದೆಂದರೆ ಹಿತ್ತಲಿನಲ್ಲಿ ಹತ್ತು ಹನ್ನೆರಡು ಗಿಡಗಳಿರಬೇಕು. ಒಳ್ಳೆಯ ಆರೈಕೆಯಲ್ಲಿ ಗಿಡವೊಂದು ಎರಡು ಕಿಲೋ ಹಣ್ಣು ಕೊಟ್ಟರೂ ಹನ್ನೆರಡು ಗಿಡಗಳಿಂದ ೨೪ ಕಿಲೋ. ಎರಡು ತಿಂಗಳ ಕೊಯ್ಲಿಗೆ ಹಂಚಿದರೆ ದಿನಕ್ಕೆ ೪೦೦ ಗ್ರಾಂ. ಐದು ಜನರ ಮನೆಗೆ ಇದು ಸಾಕು. ಅರ್ಧದಷ್ಟೇ ಬಂದರೂ ನಷ್ಟವೇನಿಲ್ಲ.

ಯಾವ ತಳಿಯನ್ನು ಆರಿಸಬೇಕು?

ಟೊಮೆಟೊ ನಮ್ಮ ದೇಶದ ಮೂಲದ ಗಿಡವಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ ಅದರ ತವರು. ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂದಿತು. ಹಿಂದಿನವರು ಇದನ್ನು ಚಪ್ಪರಬದನೆ ಎಂದೂ ಕರೆಯುತ್ತಿದ್ದರು. ಹೀಗೆ ಬಂದದ್ದು ಅನೇಕ ತಲೆಮಾರುಗಳ ಕಾಲ ಹಿತ್ತಲಿನಿಂದ ಹಿತ್ತಲಿಗೆ ಬೀಜವಾಗಿ ದಾಟುತ್ತಾ ನಮ್ಮ ಮಣ್ಣಿಗೂ ನಮ್ಮ ನಾಲಿಗೆಗೂ ಹೊಂದಿಕೊಂಡಿತು. ಹೀಗೆ ಮನೆಯಲ್ಲಿಯೇ ಬೀಜ ಉಳಿಸಿಕೊಂಡು ಬಂದ ತಳಿಯನ್ನೇ ನಾವು ನಾಟಿ ಎನ್ನುವುದು. (ಸಸಿ ನೆಡುವುದಕ್ಕೂ ನಾಟಿ ಎಂಬ ಮಾತಿರುವುದರಿಂದ ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಆ ಕೆಲಸವನ್ನು ನೆಡುವುದೆಂದೇ ಬರೆಯಲಾಗಿದೆ.)

ನಾಟಿ ಹಣ್ಣು ಸಾಮಾನ್ಯವಾಗಿ ಚಪ್ಪಟೆಯಾಗಿ, ತೊಟ್ಟಿನ ಸುತ್ತ ಮಡಿಕೆಗಳಿಂದ ಕೂಡಿರುತ್ತದೆ. ಸಿಪ್ಪೆ ತೆಳು, ರಸ ಹೆಚ್ಚು, ಹುಳಿ ಚುರುಕು. ಎರಡು ಹಣ್ಣು ಕಿವುಚಿದರೆ ಒಂದು ಪಾತ್ರೆ ಸಾರಿಗೆ ಹುಳಿ ಸಾಕಾಗುತ್ತದೆ. ಆದರೆ ಕಿತ್ತ ಮೂರು ನಾಲ್ಕು ದಿನಗಳಲ್ಲಿಯೇ ಮೆತ್ತಗಾಗುವುದರಿಂದ ಲಾರಿಯಲ್ಲಿ ದೂರದ ಊರಿಗೆ ಹೋಗಲು ಅದು ತಕ್ಕದ್ದಲ್ಲ. ವ್ಯಾಪಾರಕ್ಕೆಂದು ಬೆಳೆಯುವ ಸಂಕರಣ ತಳಿಗಳನ್ನು ದಪ್ಪ ಸಿಪ್ಪೆ, ಗಟ್ಟಿ ತಿರುಳು ಮತ್ತು ಹೆಚ್ಚಿನ ಇಳುವರಿಗಾಗಿಯೇ ರೂಪಿಸಲಾಗಿದೆ. ಅದು ತಪ್ಪೇನಲ್ಲ, ಮಾರುವವರಿಗೆ ಅದೇ ಬೇಕು. ಆದರೆ ಹಿತ್ತಲಿನಿಂದ ಒಲೆಗೆ ಇಪ್ಪತ್ತು ಹೆಜ್ಜೆ ಮಾತ್ರವಿರುವಲ್ಲಿ ದಪ್ಪ ಸಿಪ್ಪೆಯಿಂದ ಪ್ರಯೋಜನವೇನು?

ಮುಖ್ಯವಾದ ವ್ಯತ್ಯಾಸ ಬೀಜದಲ್ಲಿದೆ. ಸಂಕರಣ ತಳಿಯ ಹಣ್ಣಿನ ಬೀಜವನ್ನು ಬಿತ್ತಿದರೆ ಮಕ್ಕಳು ತಾಯಿಯಂತೆ ಇರುವುದಿಲ್ಲ. ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಆದಕಾರಣ ಪ್ರತಿ ವರ್ಷವೂ ಬೀಜದ ಪೊಟ್ಟಣವನ್ನು ಕೊಳ್ಳಬೇಕಾಗುತ್ತದೆ. ಟೊಮೆಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ನಾಟಿ ತಳಿಯ ಬೀಜ ವರ್ಷ ವರ್ಷವೂ ಅದೇ ಗುಣವನ್ನು ಉಳಿಸಿಕೊಳ್ಳುತ್ತದೆ. ಒಮ್ಮೆ ಬೀಜ ಸಿಕ್ಕಿದರೆ ಮನೆಯವರು ಮತ್ತೆ ಅಂಗಡಿಯ ಮುಂದೆ ನಿಲ್ಲಬೇಕಾಗಿಲ್ಲ.

ನಾಟಿ ಹಣ್ಣಿನಲ್ಲಿ ಜೀವಸತ್ವ ಹೆಚ್ಚು, ಸಂಕರಣ ಹಣ್ಣು ಬರೀ ನೀರು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ವೈದ್ಯನಾಗಿ ಇದನ್ನು ನಾನು ಒಪ್ಪಲಾರೆ. ಜೀವಸತ್ವದ ಪ್ರಮಾಣವು ತಳಿಯಂತೆಯೇ ಹಣ್ಣು ಮಾಗಿದ ಹದ, ಅದಕ್ಕೆ ಬಿದ್ದ ಬಿಸಿಲು ಮತ್ತು ಕಿತ್ತ ಮೇಲೆ ಕಳೆದ ದಿನಗಳನ್ನೂ ಅವಲಂಬಿಸಿರುತ್ತದೆ. ಹಿತ್ತಲಿನ ಹಣ್ಣಿನ ಹೆಚ್ಚುಗಾರಿಕೆ ಎಂದರೆ ಗಿಡದಲ್ಲಿಯೇ ಮಾಗಿ ಅಂದೇ ತಟ್ಟೆಗೆ ಬರುವುದು, ವಿಷದ ಸಿಂಪಡಣೆಯಿಲ್ಲದೆ ಬೆಳೆಯುವುದು ಮತ್ತು ದುಡ್ಡಿಲ್ಲದೆ ದೊರೆಯುವುದು. ಇಷ್ಟು ಸಾಲದೇ?

ಸಂತೆಯಲ್ಲಿ ನಾಟಿ ಎಂದು ಕೂಗಿ ಮಾರುವುದೆಲ್ಲವೂ ನಾಟಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಚಪ್ಪಟೆ ಆಕಾರದ, ಹುಳಿಯ ಸಂಕರಣ ಹಣ್ಣುಗಳೂ ಈಗ ಮಾರುಕಟ್ಟೆಯಲ್ಲಿವೆ. ಆದುದರಿಂದ ಬೀಜಕ್ಕಾಗಿ ಸಂತೆಯ ಹಣ್ಣನ್ನು ನಂಬುವುದಕ್ಕಿಂತ, ನಾಲ್ಕೈದು ವರ್ಷಗಳಿಂದ ಸ್ವಂತ ಬೀಜ ಉಳಿಸಿಕೊಂಡಿರುವ ನೆರೆಯವರನ್ನೋ ತವರಿನ ಹಿರಿಯರನ್ನೋ ಕೇಳುವುದು ಲೇಸು. ಅತ್ತೆಯವರ ಬಳಿ ಸೆರಗಿನ ಗಂಟಿನಲ್ಲಿ, ಅಟ್ಟದ ಮಡಕೆಯಲ್ಲಿ ಏನಿದೆಯೆಂದು ವಿಚಾರಿಸಿ ನೋಡಿ. ಕನಕಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಗ್ರೀನ್ ಫೌಂಡೇಷನ್ ಸಂಸ್ಥೆಯು ರೈತ ಮಹಿಳೆಯರ ನೆರವಿನಿಂದ ಸಮುದಾಯ ಬೀಜ ಭಂಡಾರಗಳನ್ನು ಕಟ್ಟಿದ್ದುಂಟು. ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆಯು ಏರ್ಪಡಿಸುವ ಬೀಜ ಮೇಳಗಳಲ್ಲಿಯೂ ದೇಸಿ ತರಕಾರಿ ಬೀಜಗಳು ದೊರೆಯುತ್ತವೆ.

ನಂಬಿಕೆಯ ನಾಟಿ ಬೀಜ ಎಲ್ಲಿಯೂ ಸಿಗದಿದ್ದರೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದಿರುವ ಅರ್ಕಾ ವಿಕಾಸ್ ಸಂಕರಣ ತಳಿಯಲ್ಲ. ಅದರ ಬೀಜವನ್ನು ಮನೆಯಲ್ಲಿ ಉಳಿಸಿಕೊಳ್ಳಬಹುದು. ಹೆಸರಘಟ್ಟದ ಕೆರೆಯನ್ನು ತುಂಬುವ ಅರ್ಕಾವತಿಯೇ ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿಯಾದ್ದರಿಂದ ಈ ಬೀಜವನ್ನು ಪರಊರಿನದೆಂದು ಎಣಿಸಬೇಕಾಗಿಲ್ಲ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಎಂಬುದು ರೋಗ ತಡೆಯುವ ಉತ್ತಮ ತಳಿಯೇ ಆದರೂ ಅದು ಸಂಕರಣ. ಬೀಜ ಉಳಿಸಲು ಬಾರದು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈ ವಿಷಯಗಳ ಬಗ್ಗೆ ಸಲಹೆ ಪಡೆಯಬಹುದು.

ತಿಪ್ಪೆಯ ಬದಿಯಲ್ಲಿ, ಬಚ್ಚಲ ಮೋರಿಯ ಬಳಿ ತಾನೇ ಹುಟ್ಟುವ ಗೋಲಿ ಗಾತ್ರದ ಸಣ್ಣ ಟೊಮೆಟೊವನ್ನು ಅನೇಕರು ಕಳೆಯೆಂದು ಕಿತ್ತೆಸೆಯುತ್ತಾರೆ. ಅದು ಬಲು ಗಟ್ಟಿ ಜೀವ. ಒಂದೆರಡನ್ನು ಬೇಲಿಗೆ ಹಬ್ಬಿಸಿದರೆ, ದೊಡ್ಡ ಹಣ್ಣಿನ ಗಿಡಗಳು ರೋಗಕ್ಕೆ ತುತ್ತಾದ ಕಾಲದಲ್ಲಿಯೂ ಮಕ್ಕಳಿಗೆ ಕಿತ್ತು ತಿನ್ನಲು ಹಣ್ಣಿರುತ್ತದೆ.

ಸ್ಥಳ ಮತ್ತು ನೀರು

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ನಮ್ಮ ಕೆಂಪು ಮಣ್ಣು ಟೊಮೆಟೊಗೆ ಒಗ್ಗುತ್ತದೆ. ಹಿಂದಿನ ಬಾರಿ ಬದನೆ, ಮೆಣಸಿನಕಾಯಿ ಅಥವಾ ಆಲೂಗೆಡ್ಡೆ ಬೆಳೆದಿದ್ದ ಜಾಗವನ್ನು ಬಿಡುವುದು ಒಳ್ಳೆಯದು. ಇವೆಲ್ಲ ಒಂದೇ ಕುಲದವು, ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದಕ್ಕೆ ತಗಲುತ್ತದೆ. ಹಿತ್ತಲೇ ಇಲ್ಲದವರು ತಳದಲ್ಲಿ ತೂತು ಮಾಡಿದ ಹಳೆಯ ಬಕೆಟ್ಟುಗಳಲ್ಲಿ ಅಥವಾ ಚೀಲಗಳಲ್ಲಿ ಒಂದೊಂದು ಗಿಡ ಬೆಳೆಸಬಹುದು. ಔಷಧಿ ತುಂಬಿದ್ದ ಡಬ್ಬಗಳು ಮಾತ್ರ ಬೇಡ.

ನೀರಿನ ಮಾತು ನಮ್ಮ ಇಲಾಖೆಗೂ ಸಂಬಂಧಿಸಿದ್ದು. ಹಳ್ಳಿಯ ಅನೇಕ ಮನೆಗಳ ಹಿಂದೆ ಬಚ್ಚಲ ನೀರು ಗುಂಡಿಯಲ್ಲಿ ನಿಂತು ಕೊಳೆತು ಸೊಳ್ಳೆಗಳ ತವರಾಗಿರುತ್ತದೆ. ಆ ನೀರನ್ನು ಚಿಕ್ಕ ಕಾಲುವೆಯ ಮೂಲಕ ತೋಟದ ಪಾತಿಗೆ ಹರಿಸಿದರೆ ಸೊಳ್ಳೆಯೂ ತಗ್ಗುತ್ತದೆ, ಬೇಸಿಗೆಯಲ್ಲಿ ಗಿಡಕ್ಕೂ ನೀರಾಗುತ್ತದೆ. ಆದರೆ ಅದು ಮಣ್ಣಿಗೆ ಮಾತ್ರ ಹೋಗಬೇಕು, ಎಲೆ ಹಣ್ಣುಗಳ ಮೇಲೆ ಎರಚಬಾರದು. ಮಗುವಿನ ಮಲದ ಬಟ್ಟೆಗಳನ್ನು ಒಗೆದ ನೀರನ್ನು ಎಂದಿಗೂ ತೋಟಕ್ಕೆ ಬಿಡಬಾರದು. ಅದು ಶೌಚಾಲಯಕ್ಕೆ ಸೇರತಕ್ಕದ್ದು. ಗಿಡಗಳಿಗೆಂದು ತೊಟ್ಟಿ ಅಥವಾ ಡ್ರಮ್ಮಿನಲ್ಲಿ ಶುದ್ಧ ನೀರು ತುಂಬಿಡುವವರು ಅದಕ್ಕೆ ಮುಚ್ಚಳವಿಟ್ಟು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಬೇಕು. ಡೆಂಗ್ಯೂ ಜ್ವರದ ಸೊಳ್ಳೆ ಬೆಳೆಯುವುದು ಇಂತಹ ಶುದ್ಧ ನೀರಿನಲ್ಲಿಯೇ.

ತೋಟದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಾಡಬಾರದೆಂದು ಹೇಳಿದರೆ ನಗುವವರಿದ್ದಾರೆ. ಬಯಲಿನಲ್ಲಿ ಮಲವಿಸರ್ಜನೆಯಾದ ಮಣ್ಣಿನಿಂದ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮವನ್ನು ತೂರಿ ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ರಕ್ತ ವೃದ್ಧಿಗೆಂದು ಟೊಮೆಟೊ ಬೆಳೆಯಲು ಹೋಗಿ ಅದೇ ಮಣ್ಣಿನಿಂದ ರಕ್ತವನ್ನು ಕಳೆದುಕೊಳ್ಳುವುದು ಸರಿಯಲ್ಲ. ಚಪ್ಪಲಿ ಇರಲಿ, ಕೆಲಸ ಮುಗಿದ ಮೇಲೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆಯುವ ಅಭ್ಯಾಸವಿರಲಿ.

ಸಸಿ ಬೆಳೆಸುವುದು ಮತ್ತು ನೆಡುವುದು

ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಜೋರು ಮಳೆ. ಮೊದಲ ಬಾರಿಗೆ ಬೆಳೆಯುವವರು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಲ್ಲಿ ಬಿತ್ತಿ, ಚಳಿಗಾಲದಲ್ಲಿ ಗಿಡ ಬೆಳೆಸುವುದು ಸುಲಭ. ಜೂನ್ ತಿಂಗಳಲ್ಲಿಯೂ ಬಿತ್ತಬಹುದು, ಆದರೆ ಮಳೆಯಲ್ಲಿ ಎಲೆ ಕೊಳೆಯುವ ರೋಗಗಳ ಬಾಧೆ ಹೆಚ್ಚು. ಬೇಸಿಗೆಯ ಬೆಳೆಗೆ ಬಿಳಿ ನೊಣದ ಕಾಟ; ಅದರ ಮಾತು ಮುಂದೆ ಬರುತ್ತದೆ.

ಒಟ್ಟಲು ಪಾತಿಯನ್ನು ಗೇಣುದ್ದ ಎತ್ತರಿಸಿ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಬೆರಳಿನಿಂದ ಗೀರು ಎಳೆದು ಬೀಜವನ್ನು ವಿರಳವಾಗಿ ಉದುರಿಸಿ ತೆಳುವಾಗಿ ಮಣ್ಣು ಮುಚ್ಚಬೇಕು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆ ಮತ್ತು ಉಳಿದ ಸೊಪ್ಪಿನಿಂದ ಮಾಡಿದ ಗೊಬ್ಬರ ಬಹಳ ಸೊಗಸಾದದ್ದು. ಆದರೆ ಅದು ಪೂರ್ಣವಾಗಿ ಕಳಿತಿರಬೇಕು. ಚನ್ನಪಟ್ಟಣದ ಬೊಂಬೆ ಕೆಲಸದ ಮನೆಗಳವರು ಕಡತದ ಹೊಟ್ಟನ್ನು ಗಿಡಕ್ಕೆ ಹಾಕಬಹುದೇ ಎಂದು ಕೇಳುವುದುಂಟು. ಹಸಿ ಮರದ ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಬಳಸಿಕೊಳ್ಳುವುದರಿಂದ ಸಸಿಗಳು ಹಳದಿಯಾಗುತ್ತವೆ; ತಿಪ್ಪೆಯಲ್ಲಿ ಒಂದು ವರ್ಷ ಕೊಳೆತ ಮೇಲೆ ಹಾಕಬಹುದು. ಅರಗು, ಬಣ್ಣ ಬೆರೆತ ಹೊಟ್ಟು ಬೇಡ.

ಸಸಿಯ ಮೊದಲ ಇಪ್ಪತ್ತೈದು ದಿನಗಳಲ್ಲಿ ಬಿಳಿ ನೊಣ ಕಚ್ಚದಂತೆ ಕಾಪಾಡಿದರೆ ಅರ್ಧ ಬೆಳೆ ಕೈಗೆ ಬಂದಂತೆ. ಈ ಪುಟ್ಟ ಕೀಟವೇ ಎಲೆ ಮುಟುರು ರೋಗದ ವೈರಾಣುವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು. ಕೆಲವರು ಸೊಳ್ಳೆಪರದೆಯನ್ನು ಪಾತಿಗೆ ಹೊದಿಸುತ್ತಾರೆ. ಅದರ ಕಣ್ಣು ದೊಡ್ಡದಾದ್ದರಿಂದ ಬಿಳಿ ನೊಣ ಸಲೀಸಾಗಿ ತೂರಿಬರುತ್ತದೆ. ಸೊಳ್ಳೆಪರದೆ ತೊಟ್ಟಿಲಿಗೇ ಇರಲಿ. ಪಾತಿಯ ಮೇಲೆ ಬಿದಿರ ದಬ್ಬೆ ಬಗ್ಗಿಸಿ ಹಳೆಯ ತೆಳು ಪಂಚೆಯನ್ನೋ ವಾಯಲ್ ಸೀರೆಯನ್ನೋ ಹೊದಿಸಿ ಅಂಚಿಗೆ ಮಣ್ಣು ಒತ್ತಿದರೆ ಸಾಕು.

ಸಸಿಗೆ ಇಪ್ಪತ್ತೈದರಿಂದ ಮೂವತ್ತು ದಿನಗಳಾದಾಗ ಸಂಜೆಯ ಹೊತ್ತು ನೆಡಬೇಕು. ಗಿಡದಿಂದ ಗಿಡಕ್ಕೆ ಎರಡು ಅಡಿ, ಸಾಲಿನಿಂದ ಸಾಲಿಗೆ ಎರಡೂವರೆ ಅಡಿ ಅಂತರ. ಗುಣಿಗೆ ಎರಡು ಬೊಗಸೆ ಗೊಬ್ಬರ. ಕಾಂಡವನ್ನು ಕೆಳಗಿನ ಎಲೆಗಳವರೆಗೆ ಆಳವಾಗಿ ಹೂತರೆ ಅಲ್ಲಿಂದಲೂ ಬೇರು ಬಿಡುತ್ತದೆ. ನಾಟಿ ಗಿಡ ನೆಲದ ಮೇಲೆ ಹರಡುವ ಸ್ವಭಾವದ್ದು. ಕೋಲು ನೆಟ್ಟು ತೆಂಗಿನ ನಾರಿನಿಂದ ಸಡಿಲವಾಗಿ ಕಟ್ಟಬೇಕು. ನೆಲಕ್ಕೆ ತಾಗಿದ ಹಣ್ಣು ಕೊಳೆಯುತ್ತದೆ, ನೆಲಕ್ಕೆ ತಾಗಿದ ಎಲೆಗೆ ರೋಗ ಮೊದಲು ಬರುತ್ತದೆ.

ನೀರನ್ನು ಒಂದು ಕ್ರಮದಲ್ಲಿ ಕೊಡಬೇಕು. ವಾರಗಟ್ಟಲೆ ಒಣಗಿಸಿ ಒಮ್ಮೆಗೇ ತುಂಬ ಹಾಯಿಸಿದರೆ ನಾಟಿ ಹಣ್ಣಿನ ತೆಳು ಸಿಪ್ಪೆ ಸೀಳುತ್ತದೆ. ಹಣ್ಣಿನ ತಳ ಕಪ್ಪಾಗಿ ಕೊಳೆಯುತ್ತದೆ. ತಳ ಕಪ್ಪಾಗುವುದು ಅಂಟುರೋಗವಲ್ಲ, ಸುಣ್ಣದ ಅಂಶ ಹಣ್ಣಿಗೆ ತಲುಪದೆ ಆಗುವ ಕೊರತೆ. ಬುಡಕ್ಕೆ ಒಣ ಹುಲ್ಲು ಅಥವಾ ತೆಂಗಿನ ಗರಿ ಮುಚ್ಚಿ ತೇವ ಸಮನಾಗಿರುವಂತೆ ನೋಡಿಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಹುಳು, ರೋಗ ಮತ್ತು ವಿಷದ ವಿಚಾರ

ಹನ್ನೆರಡು ಗಿಡಗಳ ತೋಟಕ್ಕೆ ಅಂಗಡಿಯ ವಿಷ ಬೇಕಾಗಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕೀಟನಾಶಕ ಕುಡಿದವರನ್ನು, ಅಥವಾ ಪಾನೀಯವೆಂದು ತಿಳಿದು ಕುಡಿದ ಮಕ್ಕಳನ್ನು ಹೊತ್ತು ತರುವ ದೃಶ್ಯ ಹಳ್ಳಿಯ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಹೊಲಕ್ಕೆಂದು ತಂದ ಔಷಧಿಯಲ್ಲಿ ಉಳಿದದ್ದನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದು ಅಡುಗೆಮನೆಯ ಗೂಡಿನಲ್ಲಿ ಇಡುವುದು ಅತ್ಯಂತ ಅಪಾಯಕರ. ಹೊಲದ ಔಷಧಿ ಅದರ ಮೂಲ ಡಬ್ಬದಲ್ಲಿಯೇ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ವಾಸದ ಮನೆಯ ಹೊರಗಿರಬೇಕು. ಯಾರಾದರೂ ಅಕಸ್ಮಾತ್ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ೧೦೮ಕ್ಕೆ ಕರೆ ಮಾಡಿ, ಡಬ್ಬದ ಸಮೇತ ಆಸ್ಪತ್ರೆಗೆ ಕರೆತರಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಔಷಧಿ ಸಿಂಪಡಿಸುವುದಾಗಲಿ, ಸಿಂಪಡಿಸಿದವರ ಬಟ್ಟೆ ಒಗೆಯುವುದಾಗಲಿ ಕೂಡದು. ಅಂತಹ ಬಟ್ಟೆಯನ್ನು ಗಂಡಸರು ತಾವೇ, ಬೇರೆಯಾಗಿ ಒಗೆದುಕೊಳ್ಳಲಿ.

ರೇಷ್ಮೆ ಬೆಳೆಗಾರರಿಗೆ ಇನ್ನೊಂದು ಕಾರಣವೂ ಉಂಟು. ಟೊಮೆಟೊ ಗಿಡಕ್ಕೆ ಹೊಡೆದ ವಿಷ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಆ ಸೊಪ್ಪು ತಿಂದ ಹುಳುಗಳು ಸಾಯುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಬೇಕಾಗಿದ್ದ ಬೆಳೆ ಚಾಪೆಯ ಮೇಲೆಯೇ ನಾಶವಾಗುತ್ತದೆ. ಮನೆಮದ್ದೆಂದು ಹೊಗೆಸೊಪ್ಪಿನ ಕಷಾಯ ಹೊಡೆಯುವವರೂ ಎಚ್ಚರಿಕೆಯಿಂದಿರಬೇಕು. ಹೊಗೆಸೊಪ್ಪು ರೇಷ್ಮೆ ಹುಳುವಿಗೆ ಘೋರ ವಿಷ.

ಹಾಗಾದರೆ ಏನು ಮಾಡಬೇಕು? ಕಾಯಿ ಕೊರೆಯುವ ಹುಳುವಿಗೆ ಚೆಂಡುಹೂವು ಬಹಳ ಇಷ್ಟ. ಟೊಮೆಟೊ ಪಾತಿಯ ಸುತ್ತ ಚೆಂಡುಹೂವಿನ ಗಿಡಗಳಿದ್ದರೆ ಅದರ ಚಿಟ್ಟೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಎರಡೂ ಒಂದೇ ಕಾಲಕ್ಕೆ ಹೂ ಬಿಡುವಂತೆ ಚೆಂಡುಹೂವನ್ನು ಎರಡು ಮೂರು ವಾರ ಮುಂಚಿತವಾಗಿ ಬಿತ್ತಬೇಕು. ಎಲೆಯ ಒಳಗೇ ಸುರಂಗ ಕೊರೆದು ಎಲೆಯನ್ನು ಸುಟ್ಟಂತೆ ಮಾಡುವ ಊಜಿ ಹುಳು ೨೦೧೪ರಿಂದ ಈಚೆಗೆ ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದು. ಅಂತಹ ಎಲೆಗಳನ್ನು ಕಂಡ ಕೂಡಲೇ ಕಿತ್ತು ಸುಡಬೇಕು. ಎಲೆ ಮುಟುರು ಬಂದ ಗಿಡಕ್ಕೆ ಮದ್ದಿಲ್ಲ. ಕನಿಕರ ತೋರದೆ ಬೇರುಸಹಿತ ತೆಗೆಯಬೇಕು, ಇಲ್ಲವಾದರೆ ಉಳಿದವಕ್ಕೂ ಹರಡುತ್ತದೆ. ಉಳಿದ ಸಣ್ಣಪುಟ್ಟ ಕೀಟಗಳಿಗೆ ಒಂದು ಲೀಟರ್ ನೀರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಸಂಜೆ ಸಿಂಪಡಿಸಬಹುದು. ಇದು ಕೂಡ ಹಿಪ್ಪುನೇರಳೆಯ ಮೇಲೆ ಬೀಳದಂತೆ ನೋಡಿಕೊಳ್ಳಿ.

ಬೀಡಿ ಸೇದುವ ಗಂಡಸರಿಗೆ ಒಂದು ಮಾತು. ಹೊಗೆಸೊಪ್ಪಿನಲ್ಲಿರುವ ಒಂದು ಬಗೆಯ ವೈರಾಣು ಬೆರಳುಗಳ ಮೂಲಕ ಟೊಮೆಟೊ ಗಿಡಕ್ಕೆ ಅಂಟಿ ಎಲೆಗಳಲ್ಲಿ ಹಳದಿ ಮಚ್ಚೆಯ ರೋಗವನ್ನುಂಟುಮಾಡುತ್ತದೆ. ಸೇದಿದ ಮೇಲೆ ಸಾಬೂನಿನಿಂದ ಕೈತೊಳೆಯದೆ ಗಿಡ ಮುಟ್ಟಬೇಡಿ. ಗಿಡಕ್ಕಾಗುವ ಹಾನಿಯನ್ನು ಕೇಳಿ ಬೀಡಿಯನ್ನೇ ಬಿಟ್ಟರೆ ಇನ್ನೂ ಸಂತೋಷ. ಪಕ್ಕದಲ್ಲಿರುವ ಹೆಂಡತಿಗೂ ಗರ್ಭದಲ್ಲಿರುವ ಶಿಶುವಿಗೂ ಆ ಹೊಗೆ ಅದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತಿರುತ್ತದೆ.

ರಾಮನಗರದ ಬೆಟ್ಟಗಳು ಮತ್ತು ಸಾವನದುರ್ಗದ ಮಗ್ಗುಲಿನ ಊರುಗಳಲ್ಲಿ ಕೋತಿಗಳು ಹಣ್ಣನ್ನು ಉಳಿಸುವುದಿಲ್ಲ. ಅಲ್ಲಿಯವರು ಕಾಯಿಯ ತುದಿ ನಸುಗೆಂಪಾದ ಕೂಡಲೇ ಕಿತ್ತು ಒಳಗಿಟ್ಟು ಹಣ್ಣು ಮಾಡಿಕೊಳ್ಳುವುದೇ ಸೂಕ್ತ.

ತಿನ್ನುವ ಕ್ರಮ

ನೆಟ್ಟ ಅರವತ್ತು ಎಪ್ಪತ್ತು ದಿನಗಳಲ್ಲಿ ಹಣ್ಣು ಬರತೊಡಗುತ್ತದೆ. ಸಿ ಜೀವಸತ್ವ ಬಹಳ ಹೊತ್ತು ಕುದಿಸಿದರೆ ನಷ್ಟವಾಗುತ್ತದೆ. ಆದ್ದರಿಂದ ಸಾರಿಗೆ ಹಾಕುವುದರ ಜೊತೆಗೆ ಒಂದು ಹಣ್ಣನ್ನಾದರೂ ಹಸಿಯಾಗಿ, ಮುದ್ದೆಯ ಅದೇ ಊಟದಲ್ಲಿ, ತಿನ್ನಬೇಕು. ಚೆನ್ನಾಗಿ ತೊಳೆದು ಹೆಚ್ಚಿ, ಈರುಳ್ಳಿ, ಕೊತ್ತಂಬರಿ, ಉಪ್ಪು ಬೆರೆಸಿದ ಹಸಿ ಗೊಜ್ಜು ಮಾಡಬಹುದು. ನೆನೆಸಿದ ಹೆಸರುಬೇಳೆಯೊಡನೆ ಕೋಸಂಬರಿ ಮಾಡಬಹುದು. ಬೇಯಿಸಿದ ಟೊಮೆಟೊ ವ್ಯರ್ಥವೆಂದಲ್ಲ. ಸ್ವಲ್ಪ ಎಣ್ಣೆಯ ಒಗ್ಗರಣೆಯಲ್ಲಿ ಬೆಂದ ಹಣ್ಣಿನ ಕೆಂಪು ವರ್ಣದ್ರವ್ಯ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಕಾಫಿ, ಚಹಾವನ್ನು ಊಟದಿಂದ ಒಂದೆರಡು ಗಂಟೆ ದೂರವಿಡಿ.

‘ಡಾಕ್ಟ್ರೇ, ಬಾಣಂತಿಗೆ ಹುಳಿ ಕೊಟ್ಟರೆ ಮಗೂಗೆ ಶೀತ ಆಗುತ್ತೆ ಅಂತಾರಲ್ಲ ನಮ್ಮತ್ತೆ?’ ಎಂದು ಕೇಳುವ ತಾಯಂದಿರಿಗೆ ನನ್ನ ಉತ್ತರ ಒಂದೇ. ಅತ್ತೆಯವರು ಪಥ್ಯ ಹೇಳುವುದು ಸೊಸೆಯ ಮೇಲಿನ ಕಾಳಜಿಯಿಂದಲೇ. ಆದರೆ ತಾಯಿ ತಿಂದ ಟೊಮೆಟೊದಿಂದ ಶಿಶುವಿಗೆ ಶೀತವಾಗುವುದಿಲ್ಲ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ಹಾಲೂಡಿಸುತ್ತಿರುವ ಕಾಲದಲ್ಲಿಯೇ ಸೊಪ್ಪು, ಹಣ್ಣುಗಳನ್ನು ನಿಲ್ಲಿಸಿ ಬರೀ ಅನ್ನ, ತಿಳಿಸಾರಿನಲ್ಲಿ ಇರಿಸುವುದರಿಂದ ರಕ್ತಹೀನತೆ ಇನ್ನಷ್ಟು ಹೆಚ್ಚುತ್ತದೆ. ಮುಂದಿನ ವಾರ ಅತ್ತೆಯವರನ್ನೂ ಜೊತೆಗೆ ಕರೆತನ್ನಿ, ಮೂವರೂ ಕೂತು ಮಾತಾಡೋಣ ಎನ್ನುತ್ತೇನೆ. ಬಂದವರು ಬಹುತೇಕ ಒಪ್ಪಿಯೇ ಹೋಗಿದ್ದಾರೆ. ಮೂತ್ರಪಿಂಡದ ಕಲ್ಲು ಅಥವಾ ತೀವ್ರ ಎದೆಯುರಿ ಇರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು.

ಟೊಮೆಟೊ ಮಾತ್ರೆಗೆ ಬದಲಿಯಲ್ಲ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ೧೮೦ ದಿನ, ಹೆರಿಗೆಯ ನಂತರ ಮತ್ತೆ ೧೮೦ ದಿನ ಸೇವಿಸಬೇಕು. ಇದನ್ನು ಸುಣ್ಣದ ಮಾತ್ರೆಯೊಡನೆ ಒಟ್ಟಿಗೆ ನುಂಗಬಾರದು. ನಡುವೆ ಎರಡು ಗಂಟೆಯ ಅಂತರವಿರಲಿ. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ. ಜಂತುಹುಳುವಿನ ಮಾತ್ರೆಯನ್ನೂ ಆರೋಗ್ಯ ಸಹಾಯಕಿಯರು ಹೇಳಿದ ತಿಂಗಳಲ್ಲಿ ಪಡೆಯಬೇಕು. ಒಂದು ಹೆರಿಗೆಯಲ್ಲಿ ಬರಿದಾದ ಕಬ್ಬಿಣದ ಸಂಗ್ರಹ ತುಂಬಲು ತಾಯಿಯ ದೇಹಕ್ಕೆ ಕಾಲ ಬೇಕಾಗುವುದರಿಂದ, ಮುಂದಿನ ಗರ್ಭಕ್ಕೆ ಮೂರು ವರ್ಷವಾದರೂ ಅಂತರವಿರುವಂತೆ ದಂಪತಿಗಳು ಆಶಾ ಕಾರ್ಯಕರ್ತೆ ಅಥವಾ ವೈದ್ಯರೊಡನೆ ಕೂಡಿಯೇ ವಿಚಾರಿಸಿ ನಿರ್ಧರಿಸುವುದು ಒಳ್ಳೆಯದು.

ಬೀಜ ಉಳಿಸುವುದು

ಬೀಜಕ್ಕಾಗಿ ಹಣ್ಣನ್ನಲ್ಲ, ಗಿಡವನ್ನು ಆರಿಸಬೇಕು. ದಪ್ಪ ಹಣ್ಣು ಕಂಡೊಡನೆ ಕೈಹಾಕುವುದು ಸಾಮಾನ್ಯ. ಆದರೆ ಅದು ಇಡೀ ಗಿಡದಲ್ಲಿ ಬಿಟ್ಟ ಒಂದೇ ಹಣ್ಣಾಗಿರಬಹುದು. ರೋಗ ಬಾರದ, ಬಹಳ ದಿನ ಕಾಯಿ ಕೊಟ್ಟ, ಮನೆಯವರಿಗೆ ರುಚಿಯೆನಿಸಿದ ಎರಡು ಮೂರು ಗಿಡಗಳಿಗೆ ಆರಂಭದಲ್ಲಿಯೇ ಬಣ್ಣದ ದಾರ ಕಟ್ಟಿ ಗುರುತಿಡಿ. ಅವುಗಳ ಎರಡನೆಯ, ಮೂರನೆಯ ಗೊಂಚಲಿನ ಹಣ್ಣುಗಳು ಗಿಡದಲ್ಲಿಯೇ ಪೂರ್ತಿ ಕೆಂಪಾಗಲಿ. ಬೇರೆ ಬೇರೆ ತಳಿಗಳಿದ್ದರೆ ಅವನ್ನು ಹಿತ್ತಲಿನ ಎರಡು ತುದಿಗಳಲ್ಲಿ ಬೆಳೆಸುವುದು ಲೇಸು, ಜೇನು ಮೊದಲಾದ ಕೀಟಗಳಿಂದ ಅಲ್ಪಸ್ವಲ್ಪ ಬೆರಕೆ ಆಗುವುದುಂಟು.

ಹಣ್ಣನ್ನು ಅಡ್ಡಲಾಗಿ ಕೊಯ್ದು, ಬೀಜವನ್ನು ಲೋಳೆಯ ಸಮೇತ ಗಾಜಿನ ಲೋಟ ಅಥವಾ ಮಣ್ಣಿನ ಕುಡಿಕೆಗೆ ಹಿಂಡಿ, ಬಟ್ಟೆ ಮುಚ್ಚಿ ಒಂದೆರಡು ದಿನ ನೆರಳಿನಲ್ಲಿಡಿ. ಹುಳಿ ವಾಸನೆ ಬಂದು ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಬೀಜದ ಸುತ್ತಲಿನ ಲೋಳೆ ಮೊಳಕೆಯನ್ನು ತಡೆಯುವ ಗುಣದ್ದು. ಹೀಗೆ ಹುಳಿತಾಗ ಅದು ಕಳಚುತ್ತದೆ. ಮೂರು ದಿನಕ್ಕೂ ಮೀರಿ ಬಿಟ್ಟರೆ ಬೀಜ ಅಲ್ಲಿಯೇ ಮೊಳೆಯುವ ಸಂಭವವಿದೆ. ಆಮೇಲೆ ನೀರು ತುಂಬಿ ಕದಡಿ, ತೇಲುವ ಜೊಳ್ಳನ್ನು ಚೆಲ್ಲಿ, ತಳಕ್ಕೆ ಕುಳಿತ ಗಟ್ಟಿ ಬೀಜವನ್ನು ನಾಲ್ಕೈದು ಬಾರಿ ತೊಳೆದು ತಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ದಿನಕ್ಕೆರಡು ಬಾರಿ ಕೈಯಾಡಿಸುತ್ತಾ ವಾರದವರೆಗೆ ಒಣಗಿಸಿ. ಹಿರಿಯರು ಮಾಡುತ್ತಿದ್ದಂತೆ ಒಣ ಬೂದಿಯಲ್ಲಿ ಹೊರಳಿಸಿಡಬಹುದು. ತೇವವನ್ನು ಹೀರುವ ಗುಣ ಬೂದಿಗಿದೆ.

ಒಣ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಿ, ತಳಿಯ ಹೆಸರು, ಬೀಜ ಕೊಟ್ಟವರ ಹೆಸರು, ತಿಂಗಳು ಮತ್ತು ವರ್ಷವನ್ನು ಬರೆದು ಅಂಟಿಸಿ, ಒಲೆಯಿಂದ ದೂರ ತಂಪಾದ ಕತ್ತಲೆಯಲ್ಲಿ ಇಡಬೇಕು. ಹೀಗಿಟ್ಟ ಬೀಜ ಮೂರು ನಾಲ್ಕು ವರ್ಷ ಕೆಡುವುದಿಲ್ಲ. ಹಳೆಯ ಬೀಜದ ಬಗ್ಗೆ ಸಂದೇಹವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟು ಎಂಟು ದಿನ ತೇವವಾರದಂತೆ ನೋಡಿಕೊಳ್ಳಿ. ಏಳಕ್ಕೂ ಮೇಲ್ಪಟ್ಟು ಮೊಳೆತರೆ ಯಾವ ಅನುಮಾನವೂ ಇಲ್ಲದೆ ಬಿತ್ತಬಹುದು. ನಾಲ್ಕೈದು ಮಾತ್ರ ಮೊಳೆತರೆ ಎರಡರಷ್ಟು ಬೀಜ ಉದುರಿಸಿ. ಅದಕ್ಕಿಂತ ಕಡಿಮೆಯಾದರೆ ಬೀಜ ಹಂಚಿಕೊಂಡಿದ್ದ ನೆರೆಮನೆಯವರ ಸೀಸೆಯಲ್ಲಿ ಉಳಿದಿದೆಯೇ ಎಂದು ಕೇಳಿ ತರಬೇಕು.